ಎಲೆಗೆ ಜಾಗ ಕೊಡಿ

ಕೇಳುಗರಿಗೆ ನಮಸ್ಕಾರ.

ಈ ಹೊತ್ತಿಗೆ ನಿಮ್ಮಲ್ಲಿ ಅರ್ಧ ಜನರ ಕೈಯಲ್ಲಿ ಚಹಾದ ಕಪ್ಪು ಇರಬೇಕು. ಇನ್ನರ್ಧ ಜನ ಒಲೆಯ ಮೇಲೆ ಬೋಗುಣಿ ಇಟ್ಟಿರಬೇಕು. ಪುಡಿ ಇನ್ನೂ ಹಾಕಿಲ್ಲದಿದ್ದರೆ ಸ್ವಲ್ಪ ತಡೆಯಿರಿ. ನನ್ನ ಮಾತು ಮುಗಿಯಲಿ.

ನಾನು ಗದಗಿನವನು. ಕೂನೂರಿನಲ್ಲಿ ಇಪ್ಪತ್ತೇಳು ವರ್ಷ ಚಹಾದ ರುಚಿ ನೋಡುವ ಕೆಲಸ ಮಾಡಿದೆ. ಹೌದು, ಅದೂ ಒಂದು ನೌಕರಿ. ಅಲ್ಲಿ ಚಹಾ ಹರಾಜಾಗುತ್ತದೆ. ಹರಾಜಿಗೆ ಮೊದಲು ಯಾರಾದರೂ ಕುಡಿದು ನೋಡಿ, ಇದಕ್ಕೆ ಇಷ್ಟು ದರ ಅಂತ ಅಂದಾಜು ಹೇಳಬೇಕು. ಮಾಲು ಜಾಸ್ತಿ ಬಂದ ದಿನ ನೂರಾರು ಕಪ್ಪು ನೋಡಬೇಕಾಗುತ್ತದೆ. ಅಷ್ಟನ್ನೂ ಕುಡಿದರೆ ಮನುಷ್ಯ ಉಳಿಯುವುದಿಲ್ಲ. ಬಾಯಲ್ಲಿ ಹೊರಳಿಸಿ ಉಗುಳುತ್ತೇವೆ. ಮೊದಲ ಸಲ ಊರಿಗೆ ಬಂದು ಇದನ್ನು ಹೇಳಿದಾಗ ನಮ್ಮ ಅವ್ವ ನಂಬಲೇ ಇಲ್ಲ. "ಉಗುಳಾಕ ಪಗಾರ ಕೊಡ್ತಾರೇನೋ?" ಅಂದಳು.

ಈಗ ನಿವೃತ್ತನಾಗಿ ಊರಲ್ಲಿದ್ದೇನೆ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಕ್ಷೌರದ ಅಂಗಡಿಯಲ್ಲಿ ಎಲ್ಲರದೂ ಒಂದೇ ಪ್ರಶ್ನೆ. ಟೀ ಬ್ಯಾಗ್ ಒಳ್ಳೇದೋ, ಬಿಡಿ ಪುಡಿ ಒಳ್ಳೇದೋ? ನಾನು ಕೊಡುವ ಉತ್ತರವೂ ಒಂದೇ. ಎಲೆಗೆ ಜಾಗ ಬೇಕು. ಜಾಗ ಕೊಟ್ಟರೆ ಚಹಾ ಚೆನ್ನಾಗಿ ಆಗುತ್ತದೆ, ಕೊಡದಿದ್ದರೆ ಆಗುವುದಿಲ್ಲ. ಕೇಳಿದವರಿಗೆ ಇದು ಸಾಲುವುದಿಲ್ಲ. "ಅದು ಇರ್ಲಿ, ಯಾವ ಕಂಪನಿ ಚಲೋ ಹೇಳ್ರಿ" ಅಂತಾರೆ. ಕಂಪನಿ ಹೆಸರು ನಾನು ಹೇಳುವುದಿಲ್ಲ. ಎಲೆಯ ಬಗ್ಗೆ ಹೇಳುತ್ತೇನೆ.

ನಮ್ಮ ಮನೆಗಳಲ್ಲಿ ಇರುವ ಚಹಾಪುಡಿ ಬಹುತೇಕ ಸಿಟಿಸಿ. ಹಲ್ಲು ಕೊರೆದ ಎರಡು ಉರುಳೆಗಳ ನಡುವೆ ಎಲೆಯನ್ನು ಹಾಯಿಸಿ, ಜಜ್ಜಿ, ಹರಿದು, ಉಂಡೆ ಕಟ್ಟಿಸಿದ್ದು. ಈ ಯಂತ್ರ 1930ರ ದಶಕದಲ್ಲಿ ಅಸ್ಸಾಮಿನಲ್ಲಿ ಶುರುವಾಯಿತು. ಒಣಗಿದ ಮೇಲೆ ಆ ಕಾಳನ್ನು ಜರಡಿ ಹಿಡಿಯುತ್ತಾರೆ. ನಿಮ್ಮ ಅಡುಗೆಮನೆಯ ಲೆಕ್ಕದಲ್ಲೇ ಹೇಳುತ್ತೇನೆ. ಮೇಲಿನ ಜರಡಿಯಲ್ಲಿ ನಿಂತದ್ದು ಗೋಧಿ ನುಚ್ಚಿನಷ್ಟು ದಪ್ಪ, ಅದು ಬ್ರೋಕನ್. ಅದರ ಕೆಳಗಿನದು ಉಪ್ಪಿಟ್ಟಿನ ರವೆ, ಅದು ಫ್ಯಾನಿಂಗ್ಸ್. ಎಲ್ಲಕ್ಕಿಂತ ಕೆಳಗಿನದು ಚಿರೋಟಿ ರವೆ, ಅದು ಡಸ್ಟ್. ಟೀ ಬ್ಯಾಗಿನ ಒಳಗೆ ಇರುವುದು ಕೆಳಗಿನ ಎರಡು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಡಸ್ಟ್ ಅಂದರೆ ಕಸ ಅಲ್ಲ! ಫ್ಯಾಕ್ಟರಿಯ ನೆಲ ಗುಡಿಸಿ ಟೀ ಬ್ಯಾಗಿಗೆ ತುಂಬುತ್ತಾರೆ ಅಂತ ಮೊಬೈಲಿನಲ್ಲಿ ಯಾರೋ ಕಳಿಸುತ್ತಾರೆ, ಓದಿದವರೂ ನಂಬುತ್ತಾರೆ. ಡಸ್ಟ್ ಒಂದು ದರ್ಜೆಯ ಹೆಸರು. ನೀವು ಚಪ್ಪರಿಸಿ ಕುಡಿಯುವ ಅಂಗಡಿಯ ಖಡಕ್ ಚಹಾ ಎಷ್ಟೋ ಕಡೆ ಆಗುವುದೇ ಡಸ್ಟಿನಿಂದ. ಸಣ್ಣ ಕಾಳು ಬೇಗ ಬಣ್ಣ ಬಿಡುತ್ತದೆ, ಕಡಿಮೆ ಪುಡಿಯಲ್ಲಿ ಹೆಚ್ಚು ಕಪ್ಪು ಆಗುತ್ತದೆ. ದಯವಿಟ್ಟು ಆ ಮೆಸೇಜನ್ನು ನನಗೆ ಮತ್ತೆ ಕಳಿಸಬೇಡಿ.

ಹಾಗಾದರೆ ಟೀ ಬ್ಯಾಗಿನ ಚಹಾ ಯಾಕೆ ಸಪ್ಪೆ? ಅದಕ್ಕೊಂದು ಘಟನೆ ಹೇಳಬೇಕು. ಇದರಲ್ಲಿ ನನ್ನ ಮರ್ಯಾದೆ ಹೋಗಿದೆ, ಆದರೂ ಹೇಳುತ್ತೇನೆ.

ಬೆಟಗೇರಿಯಲ್ಲಿ ನಮ್ಮ ಚಿಗವ್ವನ ಮನೆ. ಮಗ್ಗದ ಓಣಿ. ಒಂದು ದೀಪಾವಳಿಗೆ ಎಲ್ಲರೂ ಸೇರಿದ್ದೆವು. ಚಿಗವ್ವನ ಮೊಮ್ಮಗ ಪುಣೆಯಲ್ಲಿ ಕೆಲಸ ಮಾಡುತ್ತಾನೆ. ಅವನು ಒಂದು ಡಬ್ಬಿ ಟೀ ಬ್ಯಾಗ್ ತಂದಿದ್ದ. "ಅಜ್ಜಿ, ಇನ್ನ ಸೋಸೂದು ಬ್ಯಾಡ, ಬೋಗುಣಿ ತಿಕ್ಕೂದು ಬ್ಯಾಡ" ಅಂತ ಕೊಟ್ಟ. ಚಿಗವ್ವ ಒಂದನ್ನು ದಾರ ಹಿಡಿದು ಎತ್ತಿ ನೋಡಿ, "ಇದೇನು, ತಾಯತ ಏನು?" ಅಂದಳು.

ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ. ಕಣ್ಣು ಮುಚ್ಚಿ ಕುಡಿದರೂ ಯಾವುದು ಬ್ಯಾಗಿನದು, ಯಾವುದು ಬಿಡಿ ಪುಡಿಯದು ಅಂತ ಹೇಳಬಲ್ಲೆ ಅಂದುಬಿಟ್ಟೆ. ಮನೆ ತುಂಬ ಜನ. ಹುಡುಗರು ಬಿಡುತ್ತಾರೆಯೇ? ನನ್ನನ್ನು ಗೋಡೆ ಕಡೆ ಮುಖ ಮಾಡಿ ಕೂರಿಸಿದರು. ಹಾಲಿಲ್ಲ, ಸಕ್ಕರೆ ಇಲ್ಲ. ನಾಲ್ಕು ಗ್ಲಾಸು ಬಂದವು, ಒಂದಾದ ಮೇಲೆ ಒಂದು.

ನಮ್ಮ ಕೆಲಸದಲ್ಲಿ ಚಹಾವನ್ನು ಗುಟುಕರಿಸುವುದಿಲ್ಲ. ಚಮಚೆಯಲ್ಲಿ ತೆಗೆದು ಸೊರ್ರ್ ಅಂತ ಜೋರಾಗಿ ಎಳೆಯಬೇಕು. ಗಾಳಿ ಜೊತೆ ಸೇರಿ ಹನಿಹನಿಯಾಗಿ ಬಾಯಿ ತುಂಬ ಹರಡಬೇಕು, ಪರಿಮಳ ಗಂಟಲ ಹಿಂದಿನಿಂದ ಮೂಗಿಗೆ ಹತ್ತಬೇಕು. ನಮ್ಮ ಹಿರಿಯರು ಬಸಿಯಲ್ಲಿ ಸುರುವಿಕೊಂಡು ಸೊರ್ರ್ ಅಂತ ಕುಡಿಯುತ್ತಿದ್ದರಲ್ಲ, ಅದೇ. ಕಾನ್ವೆಂಟ್ ಮಕ್ಕಳು ಅವರನ್ನು ನೋಡಿ ನಗುತ್ತಾರೆ. ನಗಬೇಡಿ ಅಂತ ಹೇಳಿ. ಚಹಾದ ರುಚಿ ಗೊತ್ತಿದ್ದದ್ದು ಅವರಿಗೇ.

ಇರಲಿ. ಮೊದಲ ಗ್ಲಾಸು ಎಳೆದೆ. "ಬಿಡಿ ಪುಡಿ, ಅಂಗಡೀದು" ಅಂದೆ. ಸರಿ ಇತ್ತು. ಎರಡನೆಯದು ತೆಳ್ಳಗೆ, ನಾಲಿಗೆಯ ತುದಿಗೆ ಮಾತ್ರ ಒಗರು, ನಡುವೆ ಏನೂ ಇಲ್ಲ. "ಬ್ಯಾಗು" ಅಂದೆ. ಅದೂ ಸರಿ. ಮೂರನೆಯದರಲ್ಲಿ ಸತ್ವವೇ ಇಲ್ಲ, ಹಳಸಲು ವಾಸನೆ. "ಇದೂ ಬ್ಯಾಗು, ಹಳೇ ಸ್ಟಾಕು" ಅಂದೆ. ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನಾಲ್ಕನೆಯದು ಬಾಯಿಗೆ ಹೋದ ಕೂಡಲೇ ನನ್ನ ಬೆನ್ನು ನೆಟ್ಟಗಾಯಿತು. ಒಳ್ಳೆಯ ಬಣ್ಣದ, ಒಳ್ಳೆಯ ಕಸುವಿನ ಚಹಾ. "ಇದು ಬಿಡಿ ಪುಡಿ. ನೀಲಗಿರೀದು. ಮೊದಲನೇದಕ್ಕಿಂತ ಚಲೋ ಮಾಲು" ಅಂತ ದೊಡ್ಡ ಧ್ವನಿಯಲ್ಲಿ ತೀರ್ಪು ಕೊಟ್ಟೆ.

ಮನೆ ನಗುವಿನಿಂದ ತುಂಬಿಹೋಯಿತು. ತಿರುಗಿ ನೋಡಿದರೆ ಚಿಗವ್ವನ ಒಂದು ಕೈಯಲ್ಲಿ ಹೊಲಿಗೆ ಕತ್ತರಿ, ಇನ್ನೊಂದು ಕೈಯಲ್ಲಿ ಖಾಲಿ ಟೀ ಬ್ಯಾಗು. ಎರಡನೇ ಗ್ಲಾಸು, ನಾಲ್ಕನೇ ಗ್ಲಾಸು ಎರಡೂ ಅದೇ ಡಬ್ಬಿಯವು. ಎರಡನೆಯದರಲ್ಲಿ ಬ್ಯಾಗು ಹಾಗೇ ಮುಳುಗಿತ್ತು. ನಾಲ್ಕನೆಯದಕ್ಕೆ ಚಿಗವ್ವ ಬ್ಯಾಗ್ ಕತ್ತರಿಸಿ, ಪುಡಿಯನ್ನು ಬೋಗುಣಿಗೆ ಸುರಿದು, ಸೋಸಿ ಕೊಟ್ಟಿದ್ದಳು. "ಅದರ ಅಂಗಿ ಬಿಚ್ಚೀನಪಾ, ಅಷ್ಟ" ಅಂದಳು.

ಮೂರನೆಯದು? ಅದು ಬ್ಯಾಗೇ ಅಲ್ಲ. ಸಂತೆಯಲ್ಲಿ ಕೊಂಡ ಬಿಡಿ ಪುಡಿ. ಮಸಾಲೆ ಖಾರದ ಡಬ್ಬಿಯ ಪಕ್ಕದಲ್ಲಿ ಮುಚ್ಚಳ ಸರಿಯಿಲ್ಲದ ಡಬ್ಬಿಯಲ್ಲಿ ಎಷ್ಟು ತಿಂಗಳು ಇತ್ತೋ ದೇವರಿಗೇ ಗೊತ್ತು. ನಾಲ್ಕರಲ್ಲಿ ಎರಡು ತಪ್ಪು. ಇಪ್ಪತ್ತೇಳು ವರ್ಷದ ಸರ್ವಿಸು!

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದವನೇ ಓಣಿಯ ಪತ್ತಾರರ ತಕ್ಕಡಿ ತಂದೆ. ಒಂದು ಬ್ಯಾಗಿನಲ್ಲಿ ಎರಡು ಗ್ರಾಂ ಪುಡಿ. ಸರಿ, ನಮ್ಮ ಪರೀಕ್ಷೆಯ ಅಳತೆಯೂ ಹೆಚ್ಚುಕಡಿಮೆ ಅದೇ. ಚಹಾ ರುಚಿ ನೋಡುವುದಕ್ಕೆ ಐಎಸ್‌ಒ 3103 ಅಂತ ಒಂದು ಅಂತರರಾಷ್ಟ್ರೀಯ ಮಾನಕವೇ ಇದೆ. 100 ಮಿಲಿಲೀಟರ್ ನೀರಿಗೆ 2 ಗ್ರಾಂ ಎಲೆ, 6 ನಿಮಿಷ. ನಾನು ಎರಡು ಗ್ಲಾಸು ಇಟ್ಟೆ. ಒಂದಕ್ಕೆ ಬ್ಯಾಗು, ಇನ್ನೊಂದಕ್ಕೆ ಕತ್ತರಿಸಿ ಸುರಿದ ಪುಡಿ. ಒಂದೇ ಬೋಗುಣಿಯ ಕುದಿಯುವ ನೀರು. ಮೂರು ನಿಮಿಷಕ್ಕೆ ನೋಡಿದರೆ ಬಿಡಿ ಪುಡಿಯ ಗ್ಲಾಸು ಹೊಸ ತಾಮ್ರದ ಕೊಡದ ಬಣ್ಣಕ್ಕೆ ಬಂದಿತ್ತು. ಬ್ಯಾಗಿನದು ಇನ್ನೂ ಜೇನಿನ ಬಣ್ಣದಲ್ಲಿತ್ತು. ಬ್ಯಾಗನ್ನು ಹಿಂಡದೆ ಮೆಲ್ಲಗೆ ಬಿಚ್ಚಿದೆ. ಪುಡಿ ನೀರು ಕುಡಿದು ಉಬ್ಬಿ, ಮೂಲೆಯಲ್ಲಿ ಮುದ್ದೆಯಾಗಿ ಕೂತಿತ್ತು. ಹುಬ್ಬಳ್ಳಿಯಿಂದ ಜಾತ್ರೆಗೆ ಹೋಗುವ ಬಸ್ಸಿನಲ್ಲಿ ಜನ ಕೂತಹಾಗೆ. ಹೊರಗಿನ ಕಾಳಿಗೆ ನೀರು ಸಿಕ್ಕಿದೆ, ನಡುವಿನ ಕಾಳಿಗೆ ಸಿಕ್ಕಿಲ್ಲ.

ಕೇಳುಗರೇ, ಎಲೆಗೆ ಜಾಗ ಬೇಕು. ಚಹಾ ಅದೇ, ನೀರು ಅದೇ. ಕೊರತೆಯಾದದ್ದು ಜಾಗ.

ಇದು ನಾನು ಕಂಡುಹಿಡಿದದ್ದೇನೂ ಅಲ್ಲ. ಟೀ ಬ್ಯಾಗ್ ಮಾಡುವವರಿಗೆ ಮೊದಲೇ ಗೊತ್ತು. 1908ರ ಸುಮಾರಿಗೆ ನ್ಯೂಯಾರ್ಕಿನ ಒಬ್ಬ ವ್ಯಾಪಾರಿ ರೇಷ್ಮೆಯ ಪುಟ್ಟ ಚೀಲದಲ್ಲಿ ಚಹಾದ ಮಾದರಿ ಕಳಿಸಿದನಂತೆ. ಗಿರಾಕಿಗಳು ಚೀಲ ಬಿಚ್ಚದೇ ಹಾಗೇ ಬಿಸಿನೀರಿಗೆ ಹಾಕಿದರಂತೆ. ಕಥೆ ಚೆನ್ನಾಗಿದೆ. ಆದರೆ ಅವನಿಗಿಂತ ಮೊದಲೇ, 1903ರಲ್ಲಿ, ಅಮೆರಿಕದ ಇಬ್ಬರು ಹೆಂಗಸರಿಗೆ ಬಟ್ಟೆಯ ಚಹಾ ಚೀಲಕ್ಕೆ ಪೇಟೆಂಟ್ ಸಿಕ್ಕಿತ್ತು. ಆಮೇಲೆ 1949ರಲ್ಲಿ ಜರ್ಮನಿಯ ಅಡಾಲ್ಫ್ ರಾಂಬೋಲ್ಡ್ ಎರಡು ಕೋಣೆಯ ಚೀಲ ಮಾಡುವ ಯಂತ್ರ ತಂದರು. ಎರಡು ಕೋಣೆ ಯಾಕೆ? ನೀರು ಎಲ್ಲ ಕಡೆಯಿಂದ ಒಳಗೆ ಹೋಗಲಿ ಅಂತ. ಈಗ ಗೋಪುರದ ಆಕಾರದ ಚೀಲ ಬಂದಿದೆ. ಅದೂ ಜಾಗಕ್ಕೇ. ನೂರು ವರ್ಷದಿಂದ ಚೀಲ ದೊಡ್ಡದು ಮಾಡುತ್ತಲೇ ಇದ್ದಾರೆ. ನಮ್ಮ ಚಿಗವ್ವ ಕತ್ತರಿ ತಗೊಂಡಳು.

ಹಾಗಂತ ಟೀ ಬ್ಯಾಗ್ ಬೇಡ ಅಂತ ನಾನು ಹೇಳುವುದಿಲ್ಲ. ಆಫೀಸಿನಲ್ಲಿ, ರೈಲಿನಲ್ಲಿ, ಆಸ್ಪತ್ರೆಯಲ್ಲಿ ರೋಗಿಯ ಪಕ್ಕ ಕೂತಾಗ ಬೋಗುಣಿ ಎಲ್ಲಿಂದ ತರುತ್ತೀರಿ? ಆಗ ಡಿಪ್ ಚಹಾನೇ ಗತಿ. ಅದನ್ನು ಸರಿಯಾಗಿ ಡಿಪ್ ಮಾಡಿ, ಅಷ್ಟೇ. ಎಲೆ ನೀರಿನ ಹತ್ತಿರ ಬರಲಾರದು, ನೀವೇ ನೀರನ್ನು ಎಲೆಯ ಒಳಗೆ ಹಾಯಿಸಬೇಕು. ಹದಿನೈದು ಇಪ್ಪತ್ತು ಸಲ ಮೇಲೆ ಕೆಳಗೆ ಆಡಿಸಿ. ಆಮೇಲೆ ಬಸಿ ಮುಚ್ಚಿ ಮೂರು ನಾಲ್ಕು ನಿಮಿಷ ಬಿಡಿ. ನಮ್ಮವರು ಎರಡು ಸಲ ಅದ್ದಿ, ಚಮಚೆಗೆ ಸುತ್ತಿ, ದಾರ ಎಳೆದು ಹಿಂಡುತ್ತಾರೆ. ಕೊನೆಗೆ ಬರುವುದು ಬರೀ ಒಗರು. ಹಿಂಡಬೇಡಿ, ಅದೇನು ಒದ್ದೆ ಪಂಚೆಯೇ?

ಇನ್ನು ನೀರು ಕುದಿಯುತ್ತಿರಬೇಕು. ನಮ್ಮ ಧಾರವಾಡ ಸಮುದ್ರಮಟ್ಟಕ್ಕಿಂತ 700 ಮೀಟರಿಗೂ ಮೇಲಿದೆ, ಇಲ್ಲಿ ನೀರು 98 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಮೊದಲೇ ಎರಡು ಡಿಗ್ರಿ ನಷ್ಟ. ಅದರ ಮೇಲೆ ಫ್ಲಾಸ್ಕಿನ ಬೆಚ್ಚನೆ ನೀರು ಹಾಕಿದರೆ ಏನಾಗುತ್ತದೆ? ಹುಬ್ಬಳ್ಳಿ ಸ್ಟೇಶನ್ನಿನ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ. ಚಹಾ ಮಾರುವ ಹುಡುಗ ಆ ತುದಿಯಿಂದ ಈ ತುದಿಗೆ ಬರುವಷ್ಟರಲ್ಲಿ ಕೆಟಲಿನ ನೀರು ಸ್ನಾನಕ್ಕೆ ಸರಿ, ಚಹಾಕ್ಕಲ್ಲ. ಹಾಲು ಮೊದಲೇ ಹಾಕಿ ಅದರಲ್ಲಿ ಬ್ಯಾಗ್ ತೇಲಿಬಿಡುವವರಿಗೆ ನಾನು ಏನೂ ಹೇಳುವುದಿಲ್ಲ.

ನಿಜವಾಗಿ ಎಲೆಗೆ ಜಾಗ ಅಂದರೆ ಏನು ಅಂತ ನೋಡಬೇಕಾದರೆ ಒಮ್ಮೆ ಆರ್ಥೊಡಾಕ್ಸ್ ಚಹಾ ತನ್ನಿ. ಜಜ್ಜದೆ, ಬರೀ ಹೊಸೆದು ಒಣಗಿಸಿದ ಉದ್ದ ಎಲೆ. ನೀಲಗಿರಿಯದು ಸಿಗುತ್ತದೆ, ನಮ್ಮ ಚಿಕ್ಕಮಗಳೂರಿನ ಕೆಳಗೂರಿನಲ್ಲೂ ಚಹಾ ತೋಟ ಇದೆ. ಗಾಜಿನ ಲೋಟಕ್ಕೆ ಒಂದು ಚಮಚೆ ಹಾಕಿ ಬಿಸಿನೀರು ಸುರಿಯಿರಿ. ಕರಿ ದಾರದ ತುಂಡಿನಂತೆ ಇದ್ದದ್ದು ಮೊದಲು ಮೇಲೆ ತೇಲುತ್ತದೆ. ಆಮೇಲೆ ಒಂದೊಂದಾಗಿ ಕೆಳಗಿಳಿಯುತ್ತ ಬಿಚ್ಚಿಕೊಳ್ಳುತ್ತದೆ. ಐದು ನಿಮಿಷಕ್ಕೆ ನಿಮ್ಮ ಲೋಟದಲ್ಲಿ ಅಂಚಿಗೆ ಗರಗಸದ ಹಲ್ಲಿರುವ ಎಲೆ ಇರುತ್ತದೆ. ಗಿಡದಿಂದ ಕಿತ್ತ ಎಲೆ. ಇದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ, ಈಗಲೂ ನೀರು ಸುರಿದು ಸುಮ್ನೆ ನೋಡುತ್ತ ಕೂರುತ್ತೇನೆ. ಮನೆಯವಳು ಚಹಾ ಆರಿಹೋಯಿತು ಅಂತ ಬಯ್ಯುತ್ತಾಳೆ.

ಗಾಜಿನ ಆಚೆ ಕೂತವರು ಗಡಿಯಾರ ತೋರಿಸುತ್ತಿದ್ದಾರೆ. ಚಿಗವ್ವ ಜಾಸ್ತಿ ಹೊತ್ತು ತಗೊಂಡಳು. ಉಳಿದದ್ದನ್ನು ಓಡಿಸುತ್ತೇನೆ.

ಬ್ಯಾಗಿಗೆ ಸ್ಟೇಪಲ್ ಪಿನ್ ಇದ್ದರೆ ಕೊಳ್ಳಬೇಡಿ. ಪಿನ್ ಹಾಕಬಾರದು ಅಂತ ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ 2017ರಲ್ಲೇ ಹೇಳಿದೆ. ಹೊಳೆಯುವ ಬಲೆಯಂಥ ಗೋಪುರದ ಚೀಲ ಕೆಲವು ಪ್ಲಾಸ್ಟಿಕ್ಕಿನವು. ಅಂಥ ಒಂದೇ ಚೀಲದಿಂದ ಬಿಸಿನೀರಿಗೆ ಸಾವಿರ ಕೋಟಿಗೂ ಹೆಚ್ಚು ಪ್ಲಾಸ್ಟಿಕ್ ಕಣ ಬಿಡುತ್ತವೆ ಅಂತ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು 2019ರಲ್ಲಿ ತೋರಿಸಿದರು. ಕಾಗದದ್ದು ನೋಡಿ ತಗೊಳ್ಳಿ, ಇಲ್ಲವೇ ಕತ್ತರಿ ಇದೆಯಲ್ಲ.

ಬಿಡಿ ಪುಡಿ ಕೊಂಡಾಗ ಒದ್ದೆ ಬಿಳಿ ಕಾಗದದ ಮೇಲೆ ಚಿಟಿಕೆ ಉದುರಿಸಿ ಸ್ವಲ್ಪ ಹೊತ್ತು ಬಿಟ್ಟು ಕೊಡವಿ. ಕಾಗದಕ್ಕೆ ಗಾಢ ಕಲೆ ಹತ್ತಿದರೆ ಬಣ್ಣ ಬೆರೆಸಿದ್ದಾರೆ. ಒಳ್ಳೆಯ ಪುಡಿ ತಣ್ಣೀರಿಗೆ ಅಷ್ಟು ಬೇಗ ಬಣ್ಣ ಬಿಡುವುದಿಲ್ಲ. ಇಟ್ಟುಕೊಳ್ಳುವಾಗ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ, ಮಸಾಲೆ ಖಾರದಿಂದ ದೂರ, ಇಂಗಿನಿಂದ ಇನ್ನೂ ದೂರ. ಮೂರನೇ ಗ್ಲಾಸು ನೆನಪಿರಲಿ. ಬೋರಿನ ಗಡಸು ನೀರಲ್ಲಿ ಚಹಾದ ಮೇಲೆ ಕೆನೆಯಂಥ ಪದರ ಕಟ್ಟುತ್ತದೆ. ಅದು ಹಾಲಿನ ಕೆನೆ ಅಲ್ಲ. ನಲ್ಲಿಯಲ್ಲಿ ಮಲಪ್ರಭಾ ನೀರು ಬಂದ ದಿನ ಚಹಾಕ್ಕೆ ಒಂದು ಕೊಡ ಬೇರೆ ತುಂಬಿಡಿ.

ಸ್ಟೀಲಿನ ಪುಟ್ಟ ಗೋಲಿಯಂಥ ಸೋಸಣಿಗೆ ಸಿಗುತ್ತದೆಯಲ್ಲ, ಸರಪಳಿ ಇರುವಂಥದು, ಅದರ ಬಗ್ಗೆ ಯಾರೋ ಪತ್ರ ಬರೆದು ಕೇಳಿದ್ದಾರೆ. ಅರ್ಧ ಮಾತ್ರ ತುಂಬಿ. ಯಾಕೆ ಅಂತ ಈಗ ನಾನು ಹೇಳಬೇಕಾಗಿಲ್ಲ.

ಪುಡಿ ಹಾಕದೆ ತಡೆದವರು ಈಗ ಹಾಕಿ. ಉರಿ ಆರಿಸಿ, ತಟ್ಟೆ ಮುಚ್ಚಿ, ನಾಲ್ಕು ನಿಮಿಷ ಬಿಟ್ಟು ಸೋಸಿ. ನನ್ನ ಮಾತು ಕೇಳದೆ ಆಗಲೇ ಹಾಕಿ ಇಷ್ಟೊತ್ತು ಕುದಿಸಿದವರು ಅದನ್ನು ಚೆಲ್ಲಿ, ಹೊಸ ನೀರು ಇಡಿ.

ನಮಸ್ಕಾರ.