ಮಾಸ್ಟರ್ಸ್ ಈಜಿನಲ್ಲಿ ಸೂಟ್‌ಗೆ ಎಷ್ಟು ಪಾಲು?

ನನ್ನ ಕೈಯಲ್ಲಿರುವ ಈ ಸೂಟ್ ನೋಡಿ. ಮಕ್ಕಳ ಚಡ್ಡಿ ಥರ ಕಾಣುತ್ತದೆ, ಅಲ್ವಾ? ಇದು ದೊಡ್ಡವರ ರೇಸಿಂಗ್ ಸೂಟ್. ಸೊಂಟದಿಂದ ಮೊಣಕಾಲಿನವರೆಗೆ ಬರುತ್ತದೆ. ಕ್ಯಾಮೆರಾ ಸ್ವಲ್ಪ ಹತ್ತಿರ ತರುತ್ತೇನೆ. ಹೊಲಿಗೆಯ ದಾರ ಕಾಣುತ್ತಿಲ್ಲ, ಅಂಚುಗಳನ್ನು ಅಂಟಿಸಿದ್ದಾರೆ. ಮೇಲೆ ನೀರು ಚಿಮುಕಿಸಿದರೆ ಬಟ್ಟೆ ಹೀರುವುದಿಲ್ಲ, ಹನಿ ಹಾಗೇ ಜಾರಿ ಹೋಗುತ್ತದೆ.

ಇದನ್ನು ಹಾಕಿಕೊಳ್ಳುವುದೇ ಒಂದು ದೊಡ್ಡ ಕೆಲಸ. ಉಗುರು ತಾಗಿದರೆ ಬಟ್ಟೆ ಹರಿಯಬಹುದು. ಬೆರಳ ತುದಿಯಲ್ಲಿ ಹಿಡಿದು ಸ್ವಲ್ಪ ಸ್ವಲ್ಪವೇ ಮೇಲಕ್ಕೆ ಎಳೆಯಬೇಕು. ಕಾಲು ಗಂಟೆ ಸುಲಭವಾಗಿ ಹೋಗುತ್ತದೆ. ಬೆರಳ ಗಂಟು ನೋಯುವವರಿಗೆ, ಭುಜ ಪೂರ್ತಿ ತಿರುಗದವರಿಗೆ ಇನ್ನೊಬ್ಬರ ಸಹಾಯ ಬೇಕೇ ಬೇಕು. ಹೆಂಗಸರ ಸೂಟ್ ಭುಜದವರೆಗೂ ಬರುವುದರಿಂದ ಇನ್ನೂ ಕಷ್ಟ. ಮಾಸ್ಟರ್ಸ್ ಕೂಟದ ಡ್ರೆಸ್ಸಿಂಗ್ ರೂಮಿನಲ್ಲಿ ಈ ಹೆಣಗಾಟ ನೋಡುವಾಗೆಲ್ಲ ನನಗೆ ಒಂದೇ ಪ್ರಶ್ನೆ ಬರುತ್ತದೆ. ಇದು ನ್ಯಾಯವಾ?

ಮಾಸ್ಟರ್ಸ್ ಈಜು ಗೊತ್ತಿಲ್ಲದವರಿಗೆ ಹೇಳುತ್ತೇನೆ. ವಿಶ್ವ ಮಟ್ಟದಲ್ಲಿ ಇದು 25 ವರ್ಷ ಆದವರ ಈಜು. ಐದೈದು ವರ್ಷಕ್ಕೊಂದು ಗುಂಪು. 40ರವರು 60ರವರ ಜೊತೆ ಪದಕಕ್ಕೆ ಹೋರಾಡುವುದಿಲ್ಲ. ವಯಸ್ಸು ದೇಹಕ್ಕೆ ಏನು ಮಾಡುತ್ತದೆ ಅನ್ನುವುದನ್ನು ಒಪ್ಪಿಕೊಂಡೇ ಈ ಕ್ರೀಡೆ ಕಟ್ಟಿದ್ದಾರೆ. ಸೂಟ್ ತೊಡಕು ತರುವುದು ಸರಿಯಾಗಿ ಇಲ್ಲೇ.

ಸ್ವಲ್ಪ ಹಿಂದಕ್ಕೆ ಹೋಗೋಣ. 2008ರಲ್ಲಿ ಸ್ಪೀಡೋ ಕಂಪನಿಯ ಎಲ್‌ಝಡ್‌ಆರ್ ರೇಸರ್ ಬಂತು. ಅದರ ಬಟ್ಟೆಯನ್ನು ನಾಸಾದ ಗಾಳಿ ಸುರಂಗದಲ್ಲಿ ಪರೀಕ್ಷೆ ಮಾಡಿದ್ದರು. ಮರುವರ್ಷ ಬರೀ ಪಾಲಿಯುರೆಥೇನ್‌ನಿಂದಲೇ ಮಾಡಿದ ಸೂಟ್‌ಗಳು ಬಂದವು. ಬಟ್ಟೆಗಿಂತ ರಬ್ಬರ್‌ಗೇ ಹತ್ತಿರ. 2009ರ ರೋಮ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 43 ವಿಶ್ವ ದಾಖಲೆ ಬಿದ್ದವು. ಜರ್ಮನಿಯ ಪೌಲ್ ಬೀಡರ್‌ಮನ್ ಅಂಥ ಸೂಟ್ ಹಾಕಿಕೊಂಡು 200 ಮೀಟರ್ ಫ್ರೀಸ್ಟೈಲ್‌ನಲ್ಲಿ ಮೈಕೆಲ್ ಫೆಲ್ಪ್ಸ್ ಅವರನ್ನು ಸೋಲಿಸಿದರು. ಟೈಮಿಂಗ್ 1 ನಿಮಿಷ 42.00 ಸೆಕೆಂಡ್. 2010ರ ಜನವರಿಯಿಂದ ಆ ಸೂಟ್‌ಗಳಿಗೆ ನಿಷೇಧ ಬಂತು. ಬಟ್ಟೆಯದ್ದೇ ಆಗಿರಬೇಕು, ಜಿಪ್ ಇರಬಾರದು, ದಪ್ಪ 0.8 ಮಿಲಿಮೀಟರ್ ಮೀರಬಾರದು. ಆದರೆ ಹಳೆಯ ದಾಖಲೆಗಳ ಪಕ್ಕ ಯಾವ ಗುರುತೂ ಹಾಕಲಿಲ್ಲ. ಅದು ತಪ್ಪು ನಿರ್ಧಾರ ಅಂತ ನನಗೆ ಇವತ್ತಿಗೂ ಅನಿಸುತ್ತದೆ.

ಒಲಿಂಪಿಕ್ಸ್ ಈಜುಗಾರರು ಬೆಟ್ಟದಷ್ಟು ತರಬೇತಿ ಮಾಡಿ ಆ ದಾಖಲೆಗಳಲ್ಲಿ ಹೆಚ್ಚಿನವನ್ನು ಒಂದೊಂದಾಗಿ ಮುರಿದರು. ಬ್ರೆಜಿಲ್‌ನ ಸೀಸರ್ ಸಿಯೆಲೊ 2009ರಲ್ಲಿ ರೋಮ್‌ನಲ್ಲಿ ಮಾಡಿದ 100 ಮೀಟರ್ ಫ್ರೀಸ್ಟೈಲ್ ದಾಖಲೆಯನ್ನು ರೊಮೇನಿಯಾದ ಡೇವಿಡ್ ಪೊಪೊವಿಚಿ 2022ರಲ್ಲಿ ಅದೇ ರೋಮ್‌ನಲ್ಲಿ ಮುರಿದರು. ಅದಕ್ಕೇ 13 ವರ್ಷ ಬೇಕಾಯಿತು. ಮಾಸ್ಟರ್ಸ್‌ನಲ್ಲಿ ಒಂದು ಗುಂಪಿನಲ್ಲಿ ಇರಲು ಸಿಗುವುದು ಐದೇ ವರ್ಷ. ಅಷ್ಟರಲ್ಲಿ ಕೆಲಸ, ಮನೆ, ಮಂಡಿನೋವು ಎಲ್ಲ ಸಂಭಾಳಿಸಿಕೊಂಡು ರಬ್ಬರ್ ಸೂಟಿನ ಟೈಮಿಂಗ್ ಜೊತೆ ಪೈಪೋಟಿ ಮಾಡಬೇಕು.

ಈಗಿನ ಬಟ್ಟೆ ಸೂಟ್ ಪರವಾಗಿಲ್ಲವಾ? ಆ ಕಾಲದಷ್ಟು ಮೋಸ ಇಲ್ಲ, ನಿಜ. ಆದರೂ ಕೆಲಸ ಮಾಡುತ್ತದೆ. ನೀರಿನಲ್ಲಿ ವೇಗ ಎರಡು ಪಟ್ಟಾದರೆ ನೀರಿನ ತಡೆ ಹೆಚ್ಚು ಕಡಿಮೆ ನಾಲ್ಕು ಪಟ್ಟಾಗುತ್ತದೆ. ಸೊಂಟ ಕೆಳಗೆ ಇಳಿದರೆ, ಮೈ ಅಲುಗಾಡಿದರೆ ತಡೆ ಇನ್ನೂ ಜಾಸ್ತಿ. ಸೂಟ್ ತೊಡೆ, ಸೊಂಟವನ್ನು ಬಿಗಿಯಾಗಿ ಹಿಡಿದು ಮೈಯನ್ನು ನೆಟ್ಟಗಿಡಲು ನೆರವಾಗುತ್ತದೆ. 20ರ ಹುಡುಗನ ಮೈ ಮೊದಲೇ ಬಿಗಿಯಾಗಿರುತ್ತದೆ. 55 ದಾಟಿದ ಮೇಲೆ ಒಬ್ಬರ ಮೈ ಒಂದು ಥರ, ಇನ್ನೊಬ್ಬರದು ಇನ್ನೊಂದು ಥರ. ಹಾಗಾಗಿ ಒಂದೇ ಸೂಟ್ ಇಬ್ಬರಿಗೂ ಒಂದೇ ಲಾಭ ಕೊಡುವುದಿಲ್ಲ. ವರ್ಷಗಟ್ಟಲೆ ಕಷ್ಟಪಟ್ಟು ನೀರಿನಲ್ಲಿ ಸೊಂಟ ಮೇಲಿಡಲು ಕಲಿತವರ ಶ್ರಮಕ್ಕೆ ಬೆಲೆ ಕಡಿಮೆಯಾಗುತ್ತದೆ. ನನಗೆ ನೋವಾಗುವುದು ಅದಕ್ಕೆ.

ದುಡ್ಡಿನ ವಿಷಯವೂ ಇದೆ. ಒಮ್ಮೆ ಕೊಂಡರೆ ಮುಗಿಯುವುದಿಲ್ಲ. ಕ್ಲೋರಿನ್‌ಗೆ ಬಟ್ಟೆ ಸಡಿಲವಾಗುತ್ತದೆ, ಕೆಲವು ರೇಸ್ ಆದ ಮೇಲೆ ನೀರು ಹೀರತೊಡಗುತ್ತದೆ. ಮತ್ತೆ ಹೊಸದು ಬೇಕು.

“80 ದಾಟಿದ ಅಜ್ಜಿಯೊಬ್ಬರು ಸೂಟ್ ಹಾಕಿಕೊಂಡು ಖುಷಿಯಾಗಿ ಈಜಿದರೆ ನಿಮಗೇನು ತೊಂದರೆ?” ಅಂತ ಕೇಳುವವರಿದ್ದಾರೆ. ಏನೂ ತೊಂದರೆ ಇಲ್ಲ. ಅವರು ಬ್ಲಾಕ್ ಮೇಲೆ ಬಂದು ನಿಂತರೆ ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆಯುವವಳು ನಾನೇ. ಆದರೆ ಪಕ್ಕದ ಲೇನ್‌ನಲ್ಲೂ ಒಬ್ಬರು ಅಜ್ಜಿ ಇರುತ್ತಾರೆ. ಅವರ ಹತ್ತಿರ ಸೂಟ್ ಇಲ್ಲ, ಹಾಕಿಕೊಡಲು ಜೊತೆಗೆ ಯಾರೂ ಬಂದಿಲ್ಲ. ಅವರ ಬಗ್ಗೆಯೂ ಯಾರಾದರೂ ಮಾತಾಡಬೇಕಲ್ಲ.

ಪೂರ್ತಿ ನಿಷೇಧಿಸಿ ಅಂತ ನಾನು ಹೇಳುತ್ತಿಲ್ಲ. ವಿಶ್ವ ಕೂಟದಲ್ಲಿ ಈಗಿನ ನಿಯಮ ಇರಲಿ. ರಬ್ಬರ್ ಸೂಟ್ ಕಾಲದ ಮಾಸ್ಟರ್ಸ್ ದಾಖಲೆಗಳನ್ನು ಬೇರೆ ಪಟ್ಟಿಯಲ್ಲಿ ಇಡಲಿ, ಅಳಿಸುವುದು ಬೇಡ. ಸಣ್ಣ ಕೂಟಗಳಲ್ಲಿ ಮಾತ್ರ ಎಲ್ಲರೂ ಮಾಮೂಲಿ ಸೂಟ್‌ನಲ್ಲೇ ಈಜಲಿ. ಇದು ಆಗದ ಮಾತೇನಲ್ಲ. ಅಮೆರಿಕದ ಈಜು ಸಂಸ್ಥೆ 12 ವರ್ಷದವರೆಗಿನ ಮಕ್ಕಳಿಗೆ ಇಂಥ ಸೂಟ್ ಬೇಡ ಅನ್ನುವ ನಿಯಮವನ್ನು 2020ರಲ್ಲಿ ಜಾರಿಗೆ ತಂದಿತು. ಮಕ್ಕಳಿಗೆ ಮಾಡಬಹುದಾದರೆ ನಮಗೂ ಮಾಡಬಹುದು. ನೀವು ಮಾಸ್ಟರ್ಸ್ ಕೂಟ ನಡೆಸುವವರಾಗಿದ್ದರೆ, ಮುಂದಿನ ಸಲ ಎಂಟ್ರಿ ಫಾರ್ಮ್ ಮಾಡುವಾಗ “ಮಾಮೂಲಿ ಸೂಟ್ ಮಾತ್ರ” ಅನ್ನುವ ಒಂದು ಸಾಲು ಸೇರಿಸಿ ನೋಡಿ.