ಬಸ್ಸಿನಿಂದ ಇಳೀಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ. ಎದೆ ಹೊಡ್ಕೊಳ್ಳುತ್ತೆ, ಕೈಕಾಲು ನಡುಗುತ್ತೆ ಅಂತ ಹೊರಗೆ ಹೋಗೋದನ್ನೇ ಬಿಟ್ಟವರಿಗೆ, ಅವರ ಮನೆಯವರಿಗೆ ಈ ಮಾತು. ಗಾಬರಿ ಬಂದಾಗ ಜಾಗ ಬಿಟ್ಟು ಓಡಬೇಡಿ. ಓಡಿದಷ್ಟೂ ಅದು ಬೆಳೆಯುತ್ತೆ.

ಸಿಬಿಟಿ ಅಂದರೆ ಯೋಚನೆ, ನಡವಳಿಕೆ ಬದಲಿಸೋದನ್ನ ಅಭ್ಯಾಸ ಮಾಡಿಸೋ ಮಾತಿನ ಚಿಕಿತ್ಸೆ. ಅದರ ಗುಂಪು ಚಿಕಿತ್ಸೆ ಕಲಿಸೋದು ಇದನ್ನೇ. ಸಾಮಾನ್ಯವಾಗಿ ಏಳೆಂಟು ಜನ, ನಡೆಸಿಕೊಡೋಕೆ ಇಬ್ಬರು, ವಾರಕ್ಕೊಮ್ಮೆ 2 ಗಂಟೆ, 12 ವಾರ. ಅಲ್ಲಿ ಆಡಿದ ಮಾತು ಅಲ್ಲೇ.

ತುಮಕೂರಿನ ಒಬ್ಬ ಗೃಹಿಣಿ ಅಂತ ಇಟ್ಕೊಳ್ಳಿ. ಬೆಂಗಳೂರು ಬಸ್ಸಲ್ಲಿ ಒಂದಿನ ಉಸಿರು ಕಟ್ಟಿದ ಹಾಗಾಗಿ ದಾಬಸ್‌ಪೇಟೆಯಲ್ಲೇ ಇಳಿದುಬಿಟ್ಟರು. ಇಸಿಜಿ, ಥೈರಾಯ್ಡ್ ಎರಡೂ ಸರಿಯಾಗಿವೆ. ಆದರೆ 'ಇಳಿದಿದ್ದಕ್ಕೇ ಬದುಕಿದೆ' ಅಂತ ಮನಸ್ಸು ನಂಬಿಬಿಟ್ಟಿದೆ, ಅವತ್ತಿಂದ ಬಸ್ ಹತ್ತಿಲ್ಲ. ಗುಂಪಲ್ಲಿ ಅವರು ನೋಟ್‌ಬುಕ್ಕಿನಲ್ಲಿ ಕಡಿಮೆ ಭಯದ್ದರಿಂದ ಹೆಚ್ಚು ಭಯದ್ದರವರೆಗೆ ಮೆಟ್ಟಿಲು ಮೆಟ್ಟಿಲಾಗಿ ಬರೀತಾರೆ, ಪಕ್ಕದಲ್ಲಿ ಭಯಕ್ಕೆ ನೂರಕ್ಕೆಷ್ಟು ಅಂತ ಅಂಕ. ಬಸ್ ನಿಲ್ದಾಣದಲ್ಲಿ ನಿಲ್ಲೋದು 30. ಜೊತೆಗೊಬ್ಬರನ್ನ ಕರ್ಕೊಂಡು ಪಕ್ಕದ ಕ್ಯಾತ್ಸಂದ್ರದವರೆಗೆ ಬಸ್ಸಲ್ಲಿ ಹೋಗೋದು 45. ಒಬ್ಬರೇ ಆದರೆ 60. ದಾಬಸ್‌ಪೇಟೆ 80. ಬೆಂಗಳೂರು 100. ಒಂದೊಂದು ಮೆಟ್ಟಿಲೂ ವಾರಕ್ಕೆ ನಾಲ್ಕೈದು ಸಲ, ಅಂಕ ಅರ್ಧಕ್ಕೆ ಬರೋವರೆಗೆ. ಹೊರಡೋ ಮುಂಚೆ 'ತಲೆಸುತ್ತಿ ಬೀಳ್ತೀನಿ' ಅಂತ ಬರೆದಿರ್ತಾರಲ್ಲ, ವಾಪಸ್ ಬಂದು ಅದರ ಕೆಳಗೇ ನಿಜಕ್ಕೂ ಏನಾಯ್ತು ಅಂತ ಬರೀಬೇಕು.

ಮೂರು ವಾರವಾದರೂ ಅಂಕ ಇಳಿಯಲ್ಲ. ಆಗ ಗುಂಪಲ್ಲೊಬ್ಬರು ಕೇಳ್ತಾರೆ, 'ಅಕ್ಕ, ಯಾವ ಸೀಟಲ್ಲಿ ಕೂತ್ಕೋತೀರಿ?' ಬಾಗಿಲ ಪಕ್ಕ! ಒಂದು ಕೈಯಲ್ಲಿ ನೀರಿನ ಬಾಟಲಿ, ಇನ್ನೊಂದರಲ್ಲಿ ಗಂಡನ ನಂಬರ್ ತೆಗೆದಿಟ್ಟ ಮೊಬೈಲ್. ಕೂತಲ್ಲೇ ಅರ್ಧ ಓಡಿಹೋಗಿದ್ದಾರೆ. ಕೇಳಿದವರು ಕಲ್ಯಾಣ ಮಂಟಪದಲ್ಲಿ ಸದಾ ಬಾಗಿಲ ಹತ್ತಿರದ ಕುರ್ಚಿಯಲ್ಲೇ ಕೂರೋರು, ಅದಕ್ಕೇ ಅವರಿಗೆ ಹೊಳೀತು. ಗುಂಪು ಯಾಕೆ ಬೇಕು ಅಂದರೆ ಇದಕ್ಕೆ. ಮುಂದಿನ ಸಲ ಬಾಟಲಿ ಮನೇಲಿ, ಮೊಬೈಲ್ ಬ್ಯಾಗಲ್ಲಿ, ಸೀಟು ಮಧ್ಯದಲ್ಲಿ, ಕಿಟಕಿ ಪಕ್ಕ. ಮೊದಲು ಭಯ ಜಾಸ್ತಿಯಾಗುತ್ತೆ. ಆಗಲಿ ಬಿಡಿ. ಇಂಥ ಗಾಬರಿ ಸಾಮಾನ್ಯವಾಗಿ 10 ನಿಮಿಷದೊಳಗೆ ತುದಿ ಮುಟ್ಟಿ, ಆಮೇಲೆ ತಾನಾಗೇ ಇಳಿಯುತ್ತೆ. ಅದು ಇಳಿಯಲಿ, ನೀವು ಇಳೀಬೇಡಿ.

ಸಮಯ ಮುಗೀತಾ ಬಂತು, ಬೇಗ ಹೇಳ್ತೀನಿ. ಕೊಟ್ಟ ಅಭ್ಯಾಸ ಮಾಡದೆ ವಾರವಾರ ಬಂದು ಕಷ್ಟ ಹೇಳ್ಕೊಂಡು ಹೋದರೆ ಏನೂ ಪ್ರಯೋಜನವಿಲ್ಲ, ದಯವಿಟ್ಟು ಅರ್ಥ ಮಾಡ್ಕೊಳ್ಳಿ. ಮನೆಯವರೇ, ದಿನಕ್ಕೆ ಹತ್ತು ಸಲ 'ಏನೂ ಆಗಲ್ಲ' ಅಂತ ಧೈರ್ಯ ಹೇಳಬೇಡಿ, ಅದೂ ಆ ನೀರಿನ ಬಾಟಲಿ ಇದ್ದ ಹಾಗೇ. ಜೊತೆಗೆ ನಿಲ್ದಾಣದವರೆಗೆ ನಡೀರಿ, ಸಾಕು. ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ವಿಚಾರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಗಲು ರಾತ್ರಿ ಇರುತ್ತೆ, ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಒಂದು, ನಾಲ್ಕು, ನಾಲ್ಕು, ಒಂದು, ಆರು. ಬರ್ಕೊಂಡ್ರಾ?