ತುಕ್ಕು ಹಿಡಿದ ವೈಸ್ ಹೊಳೆಯೋ ವಿಡಿಯೋದಲ್ಲಿ ನಿಜವಾಗ್ಲೂ ನೋಡ್ಬೇಕಾಗಿರೋದು ಏನು?

ನಮಸ್ಕಾರ ಎಲ್ರಿಗೂ. ರಾತ್ರಿ ಒಂದೇ ಒಂದು ವಿಡಿಯೋ ನೋಡಿ ಮಲಗೋಣ ಅಂತ ಫೋನ್ ತೆಗೆದು, ಯಾರೋ ಒಬ್ರು ಮುಖಾನೂ ತೋರಿಸ್ದೆ ಒಂದು ಮಾತೂ ಆಡ್ದೆ, ತುಕ್ಕು ಹಿಡಿದು ಕಲ್ಲಾಗಿರೋ ಹಳೇ ವೈಸನ್ನ (ಸಾಮಾನನ್ನ ಕಚ್ಚಿ ಹಿಡಿಯೋ ಕಬ್ಬಿಣದ ಉಪಕರಣ) ಬಿಚ್ಚಿ, ತೊಳೆದು, ಮತ್ತೆ ಜೋಡಿಸೋದನ್ನ ಮುಕ್ಕಾಲು ಗಂಟೆ ಕಣ್ಣು ಕೀಳ್ದೆ ನೋಡಿರೋರು ತುಂಬ ಜನ ಇದೀವಿ. ಮೊದಮೊದ್ಲು ನಾನು ಕೊನೇಲಿ ಬರೋ ಆ ಹೊಳಪಿಗೋಸ್ಕರ ನೋಡ್ತಿದ್ದೆ. ಈಗ ಕೊನೇ ಎರಡು ನಿಮಿಷ ಬಿಟ್ಟೋದ್ರೂ ಬೇಜಾರಿಲ್ಲ, ಯಾಕಂದ್ರೆ ಪಳಗಿದ ಕೈ ಅಂತ ಗೊತ್ತಾಗೋದು ಅದು ಎಲ್ಲಿ ನಿಲ್ಲುತ್ತೆ ಅನ್ನೋದ್ರಲ್ಲಿ. ಆ ನಿಲ್ಲೋ ಜಾಗಗಳನ್ನೇ ಇವತ್ತು ನೋಡೋಣ.

[ದೃಶ್ಯ: ತುಕ್ಕು ಹಿಡಿದ ಸ್ಕ್ರೂ, ತುಂಬ ಹತ್ತಿರದಿಂದ]

ಈ ಸ್ಕ್ರೂ ನೋಡಿ. ಕಬ್ಬಿಣ ತುಕ್ಕಾದಾಗ ಮೊದಲಿದ್ದ ಕಬ್ಬಿಣಕ್ಕಿಂತ ಜಾಸ್ತಿ ಜಾಗ ತಗೊಳ್ಳುತ್ತೆ, ಥ್ರೆಡ್ (ಸ್ಕ್ರೂ ಮೇಲಿನ ಸುರುಳಿ ಏಣು) ಒಳಗೆ ಆ ಜಾಗ ಎಲ್ಲಿದೆ ಹೇಳಿ, ಹಾಗಾಗಿ ಗಟ್ಟಿಯಾಗಿ ಕಚ್ಚಿಕೊಂಡುಬಿಡುತ್ತೆ. ಆತುರದೋರು ಸಿಕ್ಕಿದ ಸ್ಕ್ರೂಡ್ರೈವರ್ ಇಟ್ಟು ತಿರುಗಿಸ್ತಾರೆ, ತಲೆ ಸವೆದು ಹೋಗುತ್ತೆ, ಅಲ್ಲಿಗೆ ಮುಗೀತು. ಕೆಲಸ ಗೊತ್ತಿರೋರು ಏನ್ ಮಾಡ್ತಾರೆ ಗೊತ್ತಾ, ಮೊದ್ಲು ಸ್ಕ್ರೂಡ್ರೈವರ್ ತುದೀನೇ ಗ್ರೈಂಡ್ ಮಾಡಿ ಸ್ಕ್ರೂ ತಲೆಯ ಸೀಳಿನ ಅಳತೆಗೆ ಸರಿಯಾಗಿ ಕೂರೋ ಹಾಗೆ ಮಾಡ್ಕೋತಾರೆ. ಆಮೇಲೆ ಎಣ್ಣೆ ಬಿಟ್ಟು ಕಾಯ್ತಾರೆ, ಬಿಸಿ ಮಾಡ್ತಾರೆ, ಆರೋಕೆ ಬಿಡ್ತಾರೆ, ಮತ್ತೆ ಎಣ್ಣೆ. ಬಿಚ್ಚೋ ಮುಂಚೆ ಒಂಚೂರು ಬಿಗಿ ಮಾಡೋ ಕಡೆಗೇ ತಿರುಗಿಸಿ ನೋಡ್ತಾರೆ, ತುಕ್ಕಿನ ಹಿಡಿತ ಅಲ್ಲಾಡ್ಲಿ ಅಂತ. ವಿಡಿಯೋದಲ್ಲಿ ಇದೆಲ್ಲ ಎಂಟು ಸೆಕೆಂಡಲ್ಲಿ ಮುಗಿಯುತ್ತೆ, ಆದ್ರೆ ಹೊರಗೆ ಬಂದ ಸ್ಕ್ರೂ ತಲೆ ಮೇಲೆ ಹೊಸ ಗಾಯ ಇದ್ಯಾ ಇಲ್ವಾ ನೋಡಿ, ಅವರು ಎಷ್ಟು ಹೊತ್ತು ಕಾದ್ರು ಅಂತ ಅದೇ ಹೇಳುತ್ತೆ.

[ದೃಶ್ಯ: ಲೇಥ್, ನಾಲ್ಕು ದವಡೆಯ ಚಕ್, ಡಯಲ್ ಗೇಜ್ ಮುಳ್ಳು]

ಇನ್ನು ಲೇಥ್ (ಲೋಹದ ತುಂಡನ್ನ ತಿರುಗಿಸ್ತಾ ಕೆತ್ತೋ ಯಂತ್ರ) ವಿಡಿಯೋಗಳಿಗೆ ಬರೋಣ. ಉದ್ದುದ್ದ ಸುರುಳಿಯಾಗಿ ಲೋಹ ಕಿತ್ತು ಬರೋದು ನೋಡೋಕೆ ಚೆಂದವೇ, ಆದ್ರೆ ನನಗೆ ಅದಕ್ಕಿಂತ ಮುಂಚಿನ ಭಾಗ ಇಷ್ಟ. ತುಂಡನ್ನ ಹಿಡಿದುಕೊಳ್ಳೋ ನಾಲ್ಕು ದವಡೆಯ ಚಕ್‌ನಲ್ಲಿ ಒಂದೊಂದು ದವಡೇನೂ ಬೇರೆಬೇರೆಯಾಗಿ ಸರಿಯುತ್ತೆ, ಹಾಗಾಗಿ ತುಂಡನ್ನ ಸರಿಯಾಗಿ ನಡುವಿಗೆ ತರೋದು ಕೈಯಲ್ಲೇ ಆಗ್ಬೇಕು. ಸಣ್ಣ ಏರುಪೇರನ್ನೂ ಮುಳ್ಳಲ್ಲಿ ತೋರಿಸೋ ಡಯಲ್ ಗೇಜ್ ಇಟ್ಟು ನಿಧಾನಕ್ಕೆ ಒಂದು ಸುತ್ತು ತಿರುಗಿಸ್ತಾರೆ. ಮುಳ್ಳು 0.40 ಎಂಎಂ ಓಡಾಡಿದ್ರೆ ತುಂಡು ನಡುವಿಂದ ಆಚೆ ಹೋಗಿರೋದು ಅದರ ಅರ್ಧ, ಅಂದ್ರೆ 0.20. ಒಂದು ದವಡೆ ಸಡಿಲ, ಎದುರಿನದು ಬಿಗಿ, ಮತ್ತೆ ಒಂದು ಸುತ್ತು. ಅಭ್ಯಾಸ ಆಗಿರೋರು ನಾಲ್ಕೈದು ಸಲಕ್ಕೆ ಮುಳ್ಳು ಅಲ್ಲಾಡದ ಹಾಗೆ ಮಾಡ್ತಾರೆ ಮತ್ತೆ ಆ ಹೊತ್ತಲ್ಲಿ ಕೈಗೆ ಯಾವ ಗಡಿಬಿಡಿನೂ ಇರಲ್ಲ. ಇದನ್ನ ಕಟ್ ಮಾಡ್ದೆ ಪೂರ್ತಿ ತೋರಿಸೋ ಚಾನೆಲ್ ಮೇಲೆ ನನಗೆ ತಕ್ಷಣ ಗೌರವ ಬರುತ್ತೆ.

ಇನ್ನೊಂದು ಸೂಕ್ಷ್ಮ ಇದೆ. ಆಗಷ್ಟೇ ಕಟಿಂಗ್ ಮುಗಿಸಿರೋ ತುಂಡು ಬಿಸಿಯಾಗಿರುತ್ತೆ, ಬಿಸಿಯಾದ ಉಕ್ಕು ಹಿಗ್ಗಿರುತ್ತೆ. 50 ಎಂಎಂ ದಪ್ಪದ ಶಾಫ್ಟು 40 ಡಿಗ್ರಿ ಜಾಸ್ತಿ ಬಿಸಿ ಇದ್ರೆ ಸುಮಾರು 0.024 ಎಂಎಂ ದಪ್ಪಗಿರುತ್ತೆ, ಬೇರಿಂಗ್ ಬಿಗಿಯಾಗಿ ಕೂರ್ಬೇಕಾ ಸಡಿಲ ಆಗುತ್ತಾ ಅನ್ನೋದು ಅಷ್ಟರಲ್ಲೇ ತೀರ್ಮಾನ ಆಗಿಬಿಡುತ್ತೆ. ಅದಕ್ಕೇ ಜಗತ್ತಿನಾದ್ಯಂತ ಅಳತೆಗೆ 20 ಡಿಗ್ರಿ ಸೆಲ್ಸಿಯಸ್ ಅಂತ ಒಂದು ಒಪ್ಪಂದ ಇದೆ. ಕೊನೇ ಕಟ್ ಮುಂಚೆ ಲೇಥ್ ಆಫ್ ಮಾಡಿ ಸುಮ್ನೆ ಬಿಟ್ಟು ಹೋಗೋರನ್ನ ನೋಡಿದ್ರೆ, ಇವರಿಗೆ ಇದು ಒಂದ್ಸಲ ಕೈಕೊಟ್ಟಿದೆ, ಅದನ್ನ ಮರೆತಿಲ್ಲ ಅಂತ ಅನ್ಸುತ್ತೆ.

[ದೃಶ್ಯ: ನೀಲಿ ಬಣ್ಣ ಬಳಿದ ಸಮತಟ್ಟು ಪ್ಲೇಟ್, ಸ್ಕ್ರೇಪರ್ ಹಿಡಿದ ಕೈ]

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಸ್ಕ್ರೇಪಿಂಗ್, ಅಂದ್ರೆ ಲೋಹದ ಮೇಲ್ಮೈಯನ್ನ ಕೈಯಲ್ಲೇ ಕೆರೆದು ಸಮತಟ್ಟು ಮಾಡೋದು. ಒಂದು ಮೇಲ್ಮೈ ನಿಜವಾಗ್ಲೂ ಸಮತಟ್ಟು ಅಂತ ಹೇಳೋದು ಹೇಗೆ, ಹೋಲಿಸೋಕೆ ಮೊದಲನೇ ಸಮತಟ್ಟು ಎಲ್ಲಿಂದ ತರೋದು? ಎರಡು ಪ್ಲೇಟ್ ಒಂದಕ್ಕೊಂದು ಹೊಂದಿಸಿದ್ರೆ ಒಂದು ಉಬ್ಬಿದ್ದು ಇನ್ನೊಂದು ತಗ್ಗಿದ್ರೂ ಚೆನ್ನಾಗಿ ಕೂರುತ್ತವೆ, ನಮಗೆ ಗೊತ್ತೇ ಆಗಲ್ಲ. ಮೂರನೇ ಪ್ಲೇಟ್ ಬಂದ್ರೆ ಆ ಮೋಸ ನಡೆಯಲ್ಲ. ಅಡ್ಡಡ್ಡ ತಿರುಗಿಸಿ ಹೋಲಿಸಿದಾಗ್ಲೂ ಮೂರೂ ಒಂದಕ್ಕೊಂದು ಕೂರ್ಬೇಕು ಅಂದ್ರೆ ಮೂರೂ ಸಮತಟ್ಟೇ ಆಗಿರ್ಬೇಕು. ಬ್ರಿಟನ್ನಿನ ಇಂಜಿನಿಯರ್ ಜೋಸೆಫ್ ವಿಟ್‌ವರ್ತ್ 1840ರಲ್ಲಿ ಈ ಕೆಲಸದ ಬಗ್ಗೆ ಪ್ರಬಂಧ ಓದಿದ್ರು, ಗ್ರೈಂಡ್ ಮಾಡೋದು ಬಿಡಿ ಸ್ಕ್ರೇಪ್ ಮಾಡಿ ಅಂತ. ಇವತ್ತಿಗೂ ಹಳೇ ಲೇಥ್ ಸರಿ ಮಾಡೋರು ಅದನ್ನೇ ಮಾಡ್ತಾರೆ. ನೀಲಿ ಬಳಿದು ಒತ್ತಿದ್ರೆ ಎತ್ತರ ಇರೋ ಕಡೆ ಮಾತ್ರ ಬಣ್ಣ ಹತ್ತುತ್ತೆ, ಅಷ್ಟನ್ನೇ ಕೆರೆಯೋದು, ಒರೆಸೋದು, ಮತ್ತೆ ಒತ್ತೋದು, ದಿನಗಟ್ಟಲೆ. ಒಂದೊಂದು ಗೀಚು ಒಂದು ಎಂಎಂನ ಸಾವಿರದಲ್ಲಿ ಕೆಲವೇ ಪಾಲು ಲೋಹ ತೆಗೆಯುತ್ತೆ.

ಅಂದ ಹಾಗೆ ಇದೇ ವಿಟ್‌ವರ್ತ್ 1841ರಲ್ಲಿ 55 ಡಿಗ್ರಿ ಕೋನದ ಥ್ರೆಡ್ ಅಳತೆ ತಂದ್ರು. ಈಗಿನ ಮೆಟ್ರಿಕ್ ಥ್ರೆಡ್ 60 ಡಿಗ್ರಿ. ಹಳೇ ಬ್ರಿಟಿಷ್ ಮೆಷಿನ್ ಬಿಚ್ಚಿದೋರು ಪ್ರತಿ ಬೋಲ್ಟಿಗೂ ಗೇಜ್ ಹಿಡಿದು ನೋಡ್ತಾರಲ್ಲ, ಅದಕ್ಕೇ.

ಪೇಂಟ್ ಬಗ್ಗೆ ಹೆಚ್ಚೇನೂ ಹೇಳಲ್ಲ, ಚೆನ್ನಾಗಿ ಕಾಣುತ್ತೆ ಅಷ್ಟೇ. ಆದ್ರೆ ಹುಷಾರು, ಹೊಸ ಸಾಮಾನಿಗೇ ಬೇಕಂತ ತುಕ್ಕು ಹಿಡಿಸಿ ಆಮೇಲೆ ಅದನ್ನೇ ತೊಳೆದು ತೋರಿಸೋ ವಿಡಿಯೋಗಳೂ ಇವೆ, ನನಗೆ ನಿಜಕ್ಕೂ ಕೋಪ ಬರುತ್ತೆ. ಗುರುತಿಸೋದು ಕಷ್ಟ ಇಲ್ಲ. ಮೇಲೆಲ್ಲ ಕಿತ್ತಳೆ ಬಣ್ಣದ ತುಕ್ಕು, ಆದ್ರೆ ಅಡಿಯಲ್ಲಿ ಒಂದು ಗುಂಡಿನೂ ಇಲ್ಲ, ಬೋಲ್ಟುಗಳು ಮೊದಲ ತಿರುವಿಗೇ ಬಂದುಬಿಡ್ತವೆ, ದಶಕಗಟ್ಟಲೆ ಬಳಸಿರೋ ಹಿಡಿಯಲ್ಲಿ ಕೈ ಸವೆತಾನೇ ಇಲ್ಲ.

[ದೃಶ್ಯ: ಹಸಿರುಗಟ್ಟಿದ ಹಳೇ ಕಂಚಿನ ತುಣುಕು, ಹಲ್ಲಿನ ಚಕ್ರ]

ಕೊನೆಯದಾಗಿ ಕ್ಲಿಕ್‌ಸ್ಪ್ರಿಂಗ್ ಅನ್ನೋ ಆಸ್ಟ್ರೇಲಿಯಾದ ಚಾನೆಲ್. 1901ರಲ್ಲಿ ಗ್ರೀಸಿನ ಆಂಟಿಕಿಥೆರಾ ದ್ವೀಪದ ಹತ್ರ ಮುಳುಗಿದ್ದ ಹಡಗಿಂದ ಎತ್ತಿದ, 2000 ವರ್ಷಕ್ಕೂ ಹಳೇದಾದ ಗ್ರಹಗತಿ ಲೆಕ್ಕದ ಯಂತ್ರವನ್ನ ಅವರು ಮತ್ತೆ ಮಾಡ್ತಿದಾರೆ. ಆಗಿನ ಕಾಲದೋರು ಹೇಗೆ ಮಾಡಿರಬಹುದು ಅಂತ ತಿಳ್ಕೊಳ್ಳೋಕೆ ಲೋಹ ಉಜ್ಜೋ ಅರವನ್ನೂ (ಫೈಲ್) ಕೈಯಲ್ಲೇ ಹಲ್ಲು ಕೊರೆದು ಮಾಡಿದ್ರು. ಹಾಗೆ ಮಾಡ್ತಾ ಆ ಯಂತ್ರದ ಕ್ಯಾಲೆಂಡರ್ ಬಳೆಯ (ದಿನಕ್ಕೊಂದು ತೂತಿರೋ ಉಂಗುರ) ತೂತುಗಳ ಅಳತೆ 365 ದಿನಕ್ಕೆ ಹೊಂದ್ತಿಲ್ಲ ಅಂತ ಗೊತ್ತಾಗಿ, ಅದು 354 ದಿನದ ಚಾಂದ್ರಮಾನ ಕ್ಯಾಲೆಂಡರ್ ಇರ್ಬೇಕು ಅಂತ 2020ರಲ್ಲಿ ಸಂಗಡಿಗರ ಜೊತೆ ಸೇರಿ ಪ್ರಬಂಧ ಪ್ರಕಟಿಸಿದ್ರು. ಬಳೆಯ ಒಂದು ಚೂರಷ್ಟೇ ಉಳಿದಿರೋದು. 2024ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದೋರು, ಗುರುತ್ವ ಅಲೆಗಳನ್ನ ಹುಡುಕೋಕೆ ಬಳಸೋ ಲೆಕ್ಕದ ವಿಧಾನ ಹಾಕಿ ನೋಡಿದ್ರು, 354 ಅಥವಾ 355 ತೂತು ಅಂತಾನೇ ಬಂತು. ಅದೇ ಲೆಕ್ಕದಲ್ಲಿ ಇನ್ನೊಂದು ಅಂಕಿನೂ ಸಿಕ್ತು. ವೃತ್ತದ ಗೆರೆಯಿಂದ ಆ ತೂತುಗಳು ಒಳಗೋ ಹೊರಗೋ ತಪ್ಪಿರೋದು ಸರಾಸರಿ ಬರೀ 0.028 ಎಂಎಂ. ಆಗ್ಲೇ ನೋಡಿದ್ವಲ್ಲ ಡಯಲ್ ಗೇಜ್, ಒಂದು ಗೆರೆ 0.01 ಎಂಎಂ ಅಂದ್ರೆ ಅದರಲ್ಲಿ ಮೂರು ಗೆರೆ ಕೂಡ ಆಗಲ್ಲ.

ಆ ಸರಣಿ ನೋಡೋರು ಅರ ಮಾಡೋ ಎಪಿಸೋಡಿಂದ ಶುರು ಮಾಡಿ, ಸ್ಪೀಡ್ ಜಾಸ್ತಿ ಮಾಡ್ಬೇಡಿ.